ಬೆರಳ ಕಾವಲು

1912 ಜನವರಿ 8, ಸೋಮವಾರ. ಟ್ರಾಯ್

ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯಿಂದ ಉದ್ದನೆಯ ಲಕೋಟೆ ಬಂತು. ಮಂಜೂರಾತಿಯೇ ಇರಬೇಕೆಂದು ಅಂಚೆಯವನ ಎದುರಿಗೇ ಒಡೆದೆ. ಒಡೆಯಬಾರದಿತ್ತು. ನನ್ನ ‘ಬೆರಳ ಕಾವಲ’ನ್ನು ರೋಚೆಸ್ಟರಿನ ಸ್ಪ್ರಾಗ್ ಎಂಬ ಯಾವನೋ ಒಬ್ಬ ತನ್ನದೆಂದು ಹೇಳುತ್ತಿದ್ದಾನಂತೆ. ಇಬ್ಬರ ಅರ್ಜಿಯೂ ಒಂದೇ ಸಾಧನದ ಮೇಲೆ ಇರುವುದರಿಂದ, ಯಾರಿಗೆ ಮೊದಲು ಹೊಳೆಯಿತು ಎನ್ನುವುದನ್ನು ಇಬ್ಬರೂ ಸಾಕ್ಷಿಸಮೇತ ರುಜುವಾತು ಮಾಡಬೇಕಂತೆ.

ಯಾರಿಗೆ ಮೊದಲು ಹೊಳೆಯಿತು! ಹದಿನಾಲ್ಕು ಪೇಟೆಂಟ್ ಪಡೆದವನನ್ನು ಕೇಳುವ ಮಾತೇ ಇದು? ಬೇಯಿಸಿದ ಮೊಟ್ಟೆಯನ್ನು ಒಂದೇ ಏಟಿಗೆ ಹತ್ತು ಬಿಲ್ಲೆ ಮಾಡುವ ತಂತಿ ನನ್ನದು. ಹಿಮದಲ್ಲಿ ಕುದುರೆ ಜಾರದಂತೆ ಲಾಳಕ್ಕೆ ಸಿಕ್ಕಿಸುವ ಮೊಳೆ ನನ್ನದು. ಬಾಯ್ಲರಿನಲ್ಲಿ ನೀರು ತಗ್ಗಿದರೆ ಕೂಗುವ ಸೀಟಿ, ಹಾಲಿನ ಕ್ಯಾನಿನ ಮುಚ್ಚಳ, ದೀಪದ ಬತ್ತಿಯ ಕತ್ತರಿ, ಒದ್ದೆ ಕೊಡೆ ನಿಲ್ಲಿಸುವ ತೊಟ್ಟಿ. ಈ ಊರಿನ ಅರ್ಧ ಗಂಡಸರ ಕೊರಳಲ್ಲಿ, ಅಂಗಿಗೆ ಬಿಡಿಯಾಗಿ ಸಿಕ್ಕಿಸುವ ಕಾಲರನ್ನು ಹಿಡಿದಿಟ್ಟಿರುವ ಗುಂಡಿಯೂ ನನ್ನದೇ. ಸ್ಪ್ರಾಗ್ ಏನು ಮಾಡಿದ್ದಾನೆ, ದೇವರಿಗೇ ಗೊತ್ತು.

ಅಕ್ಕನಿಗೆ ಹೇಳಿದೆ. ಅಮ್ಮ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನೇಳು. ಅಂದಿನಿಂದ ನನ್ನನ್ನು ಸಾಕಿದವಳು ಈ ಲೊವೀನಾ ಅಕ್ಕನೇ. ಇಪ್ಪತ್ತಾರು ವರ್ಷ ನದಿಬದಿಯ ಲಾಂಡ್ರಿಯಲ್ಲಿ ಕಾಲರ್ ಇಸ್ತ್ರಿ ಮಾಡಿದಳು. ಹೋದ ವರ್ಷ, 1911ರ ಮಾರ್ಚ್ 3ರಂದು, ಅವಳ ಬಲಗೈ ಇಸ್ತ್ರಿ ಯಂತ್ರದ ಎರಡು ಬಿಸಿ ರೋಲರುಗಳ ನಡುವೆ ಹೋಯಿತು. ಹೆಬ್ಬೆರಳೂ ಕಿರುಬೆರಳೂ ಉಳಿದಿವೆ.

ಕಾಗದದ ವಿಷಯ ಕೇಳಿ ಅವಳು ಒಲೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅದ್ಹೆಂಗೋ ಅವಂದಾಗತ್ತೆ? ನನ್ನ ಬೆರಳಿಗೆ ಹುಟ್ಟಿದ್ದು ಕಣೋ ಅದು! ಮೂರು ಕೊಟ್ಟಿದೀನಿ. ಆ ರೋಚೆಸ್ಟರ್ನೋನು ಎಷ್ಟು ಕೊಟ್ಟಿದಾನಂತೆ, ಕೇಳು.”

ಇದನ್ನು ಅವಳು ಎಲ್ಲರಿಗೂ ಹೇಳುತ್ತಾಳೆ. ಪಾದ್ರಿಗೆ, ಮನೆಗೆ ಐಸುಗಡ್ಡೆ ತಂದು ಹಾಕುವವನಿಗೆ, ಲಾಂಡ್ರಿಯಿಂದ ನೋಡಲು ಬರುವ ಹುಡುಗಿಯರಿಗೆ. “ಆಸ್ಪತ್ರೆಯಿಂದ ನನ್ನ ಕರ್ಕೊಂಡ್ ಬಂದ್ನಲ್ಲ, ಅವತ್ತೇ ಕೂತು ಶುರು ಮಾಡ್ದ ನಮ್ಮ ಅಂಬಿ. ನಿಮ್ಮ ಯಾರ ಬೆರಳೂ ಇನ್ನು ಹೋಗಲ್ಲ ಕಣ್ರೇ.” ನಾನು ಬೇಡವೆಂದಿಲ್ಲ. ಹಾಗೆ ಹೇಳಿಕೊಂಡಷ್ಟು ಹೊತ್ತು ಅವಳು ಕೈನೋವಿನ ಮಾತು ಆಡುವುದಿಲ್ಲ.

ಜನವರಿ 11

ವಕೀಲ ಟೆನ್‌ಬ್ರೂಕರನ್ನು ಕಂಡೆ. ಸ್ಪ್ರಾಗನಿಗೆ ಆ ಯೋಚನೆ ಬಂದದ್ದು 1911ರ ಮಾರ್ಚ್ 20ಕ್ಕೆ ಎಂದು ಅವನ ಹೇಳಿಕೆ. ಮೇ ತಿಂಗಳಲ್ಲಿ ಅರ್ಜಿ ಹಾಕಿದ್ದಾನೆ, ಜುಲೈಯಲ್ಲಿ ಮಾರಾಟಕ್ಕೂ ಇಟ್ಟಿದ್ದಾನೆ. ಪತ್ರಿಕೆಯಲ್ಲಿ ಅವನ ಜಾಹೀರಾತು ಕಂಡ ಮೇಲೆ, ಆಗಸ್ಟ್‌ನಲ್ಲಿ, ನಾನು ಅರ್ಜಿ ಹಾಕಿದ್ದು.

ನಾನು ನನ್ನ ಹಾಳೆ ತೆಗೆದು ಅವರ ಮೇಜಿನ ಮೇಲಿಟ್ಟೆ. 1910ರ ಅಕ್ಟೋಬರ್ 13ರ ಹಾಳೆ. ರೋಲರಿನ ಮುಂದೆ ಒಂದು ಹಗುರ ಕಡ್ಡಿ. ಬೆರಳು ತಗುಲಿದರೆ ಕಡ್ಡಿ ಏಳುತ್ತದೆ, ಕಡ್ಡಿ ಎದ್ದರೆ ಮೇಲಿನ ರೋಲರೂ ಏಳುತ್ತದೆ. ಅಷ್ಟೇ. ಆ ತಿಂಗಳ ಕೊನೆಗೆ ಹಿತ್ತಾಳೆಯಲ್ಲಿ ಮಾಡಿಯೂ ಮುಗಿಸಿದ್ದೆ.

“ತಾರೀಖನ್ನ ಯಾರು ಬೇಕಾದ್ರೂ ಬರ್ಕೋಬಹುದು ವೆಡ್ಡರ್. ಸಾಕ್ಷಿ ಯಾರು?” ಎಂದರು.

ಪ್ರತಿ ಚಿತ್ರದ ಕೆಳಗೆ ‘ಓದಿದೆ, ಅರ್ಥವಾಯಿತು’ ಎಂದು ನಾನು ಬರೆಯುತ್ತೇನೆ. ಅದರ ಕೆಳಗೆ ಇಬ್ಬರು ತಂತಮ್ಮ ಕೈಯಲ್ಲೇ ಹೆಸರು, ತಾರೀಖು ಹಾಕಬೇಕು. ನನ್ನ ಕಸುಬಿನವರೆಲ್ಲ ಹೀಗೇ ಮಾಡುವುದು. ಒಬ್ಬ ಸಾಕ್ಷಿ ಕೆಳಮನೆಯ ಮುದುಕ ಹೀಲಿ, ನವೆಂಬರಿನಲ್ಲಿ ತೀರಿಕೊಂಡ. ಇನ್ನೊಬ್ಬಳು ಅಕ್ಕ. ಟೆನ್‌ಬ್ರೂಕ್ ಅವಳ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. ದುಂಡಗಿನ ಅಕ್ಷರ. ಈಗ ಹೇಗೆ ಬರೆಯುತ್ತಾರೆ ಎಂದರು. ಎಡಗೈಯಲ್ಲಿ, ಕೋಳಿ ಕೆದರಿದ ಹಾಗೆ, ಎಂದೆ. ಅವರು ಎದ್ದು ನಿಂತು ನನ್ನ ಕೈ ಕುಲುಕಿದರು.

“ಹೋದ್ವರ್ಷ ಮಾರ್ಚ್ ಮೂರರಿಂದ ಈಚೆಗೆ ಈ ಸಹಿ ಮಾಡೋ ಕೈ ಭೂಮಿ ಮೇಲೇ ಇಲ್ಲ! ಮೂವತ್ತು ವರ್ಷದಲ್ಲಿ ಇಂಥಾ ಗಟ್ಟಿ ಸಾಕ್ಷಿ ನಾನು ಕಂಡಿಲ್ಲ ಕಣಯ್ಯ.”

ಇಷ್ಟು ಸಂತೋಷ ನನಗೆ ಆ ಸೀಟಿಯ ಪೇಟೆಂಟ್ ಬಂದಾಗಲೂ ಆಗಿರಲಿಲ್ಲ. ಹಿಮದಲ್ಲಿ ನಡೆದೇ ಮನೆಗೆ ಬಂದೆ. ಮೆಟ್ಟಿಲ ಹತ್ತಿರ ಬಂದಾಗ ಮಾತ್ರ, ಅಕ್ಕನಿಗೆ ಆ ತಾರೀಖು ತೋರಿಸಬೇಕಲ್ಲ ಎಂದು ನೆನಪಾಯಿತು.

ಜನವರಿ 12

ನಾನು ಬಚ್ಚಿಟ್ಟಿರಲಿಲ್ಲ. ಕಾದಿದ್ದೆ. ಅಗಲ ರೋಲರಿಗೂ ಕಿರಿದಾದ ರೋಲರಿಗೂ ಒಂದೇ ಕಡ್ಡಿ ಒಗ್ಗುವಂತೆ ಮಾಡಿ, ಆಮೇಲೆ ಅರ್ಜಿ ಹಾಕುವ ಎಂದಿದ್ದೆ. ಅರೆಬರೆ ಕೆಲಸವನ್ನು ಹೊರಗೆ ತೋರಿಸುವವನು ನಾನಲ್ಲ. ಲಾಂಡ್ರಿಯ ಫೋರ್‌ಮನ್ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಮರುದಿನವೇ ತನ್ನ ಹೆಸರು ಹಾಕಿಕೊಳ್ಳುವ ಆಸಾಮಿ. ಈ ಮಾತು ಇಲ್ಲಿ ಬರೆದಿಡುತ್ತಿದ್ದೇನೆ. ನನಗೆ ಬೇಕೆಂದಲ್ಲ, ಸುಮ್ಮನೆ.

ಜನವರಿ 19

ಇನ್ನೂ ಹೇಳಿಲ್ಲ. ಅಕ್ಕ ಒಂದು ಕೈಯಲ್ಲಿ ರವಿಕೆಯ ಗುಂಡಿ ಹಾಕಿಕೊಳ್ಳುವುದನ್ನು ಗಡಿಯಾರ ಹಿಡಿದು ನೋಡಿದೆ. ನಾಲ್ಕು ನಿಮಿಷ ಹತ್ತು ಸೆಕೆಂಡ್. ಮೇಲಿನ ಮೂರನೇ ಗುಂಡಿ ಎರಡು ಸಲ ಜಾರಿತು. ಅವಳಿಗೆ ಗೊತ್ತಾಗಿ, “ಏನೋ ಅದು, ಕುದುರೆ ಓಡಿಸ್ತಿದೀಯಾ?” ಎಂದು ನಕ್ಕಳು. ಇಲ್ಲೊಂದು ಸಾಧನಕ್ಕೆ ಜಾಗವಿದೆ. ಒಂಟಿ ಕೈಯವರು ಈ ದೇಶದಲ್ಲಿ ಕಡಿಮೆಯೇನಿಲ್ಲ, ಗಿರಣಿಗಳು ಹೆಚ್ಚಿದ ಹಾಗೆ ಹೆಚ್ಚುತ್ತಾರೆ.

ಜನವರಿ 28, ಭಾನುವಾರ

ಹೇಳಿದೆ.

ಅವಳು ರೊಟ್ಟಿಯ ದಿಂಡನ್ನು ಎದೆಗೆ ಒತ್ತಿಕೊಂಡು ಎಡಗೈಯಲ್ಲಿ ಕೊಯ್ಯುತ್ತಿದ್ದಳು. ಹಾಳೆಯನ್ನು ಮೇಜಿನ ಮೇಲಿಟ್ಟೆ. ಮೊದಲು ಅವಳಿಗೆ ಕಂಡದ್ದು ತನ್ನ ಸಹಿ. ಚಾಕು ಕೆಳಗಿಟ್ಟು ಅದರ ಮೇಲೆ ಬೆರಳಾಡಿಸಿದಳು.

“ಅಯ್ಯೋ, ಎಷ್ಟು ಚೆನ್ನಾಗಿ ಬರೀತಿದ್ದೆ ನೋಡೋ ನಾನು.”

“ತಾರೀಖು ನೋಡು.”

ನೋಡಿದಳು. “ಹತ್ತನೇ ಇಸವಿ ಅಕ್ಟೋಬರ್. ಏನಿದು ಚಿತ್ರ? ಮೊಟ್ಟೆ ತಂತೀದಾ?”

“ಬೆರಳ ಕಾವಲು.”

ಅರ್ಥವಾಗಲು ಅವಳಿಗೆ ಇಷ್ಟು ಹೊತ್ತು ಹಿಡಿಯುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಲೆಯ ಮೇಲೆ ಕೋಸು ಕುದಿದು ಉಕ್ಕಿತು. ನಾನೇ ಎದ್ದು ಇಳಿಸಿದೆ.

“ಬರೀ ಚಿತ್ರಾನಾ? ಇಲ್ಲಾ ಮಾಡೂ ಇಟ್ಟಿದ್ಯಾ?”

“ಮಾಡಿದ್ದೆ.”

“ಎಲ್ಲಿತ್ತು?”

“ನನ್ನ ಕೋಣೆ ಶೆಲ್ಫ್ ಮೇಲೆ. ಕಿಟಕಿ ಪಕ್ಕದ್ದು.”

“ಆ ನೀಲಿ ಬಟ್ಟೆ ಮುಚ್ಚಿದ್ದಾ?” ಅವಳ ದನಿ ಪೂರಾ ಇಳಿದಿತ್ತು. “ಅದರ ಸುತ್ತ ದಿನಾ ಧೂಳು ಹೊಡೀತಿದ್ನಲ್ಲೋ ಅಂಬಿ. ಎತ್ಬೇಡ ಅಂದಿದ್ದೆ ನೀನು. ಎತ್ತಲಿಲ್ಲ ನಾನು. ಧೂಳು ಹೊಡೆದು, ಊಟದ ಡಬ್ಬಿ ತಗೊಂಡು ಮೆಷಿನ್ ಹತ್ರ ಹೋಗ್ತಿದ್ದೆ.”

ನಾನು ಸ್ಪ್ರಾಗನ ವಿಷಯ, ಮಾರ್ಚ್ 20ರ ವಿಷಯ, ವಕೀಲರು ಹೇಳಿದ್ದನ್ನೆಲ್ಲ ವಿವರಿಸಿದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಒಂದ್ಸಲ ತಂದು ನನ್ನ ಮೆಷಿನ್ಗೆ ಹಾಕಿದ್ರೆ ಏನಾಗ್ತಿತ್ತು?”

“ಫೋರ್‌ಮನ್ ಕದೀತಿದ್ದ.”

“ಕದ್ಕೊಂಡ್ ಹೋಗ್ಲಿ ಬಿಡೋ! ಕದ್ದಿದ್ರೆ ನನ್ನ ಬೆರಳು ಇರ್ತಿದ್ವು!”

ಹೀಗೆ ಕೂಗಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನಾನು ಹಾಳೆಯ ಕೆಳಗಿನ ಸಾಲು ತೋರಿಸಿದೆ. “ಓದಿದೆ, ಅರ್ಥವಾಯಿತು ಅಂತಿದೆ. ಅದರ ಕೆಳಗೆ ಸಹಿ ನಿಂದು. ಗೊತ್ತಿತ್ತಲ್ಲ ನಿಂಗೆ. ನೀನೇ ಯಾಕೆ ಕೇಳ್ಲಿಲ್ಲ?”

ಅವಳು ಓದಿರಲಿಲ್ಲ ಎಂದು ನನಗೆ ಗೊತ್ತು. ಯಾವತ್ತೂ ಓದಿದವಳಲ್ಲ, ಲಾಂಡ್ರಿಯಿಂದ ಬಂದು ಟೋಪಿ ಕೂಡ ತೆಗೆಯದೆ “ಎಲ್ಲೋ, ಎಲ್ಲಿ ಗೀಚಬೇಕು?” ಎನ್ನುತ್ತಿದ್ದಳು. ಆದರೆ ಕಾನೂನಿನ ಪ್ರಕಾರ ನಾನು ಆಡಿದ್ದರಲ್ಲಿ ತಪ್ಪಿಲ್ಲ. ಅವಳು ಕೊಯ್ದಿದ್ದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ ಒಳಗೆ ಹೋದಳು.

ಜನವರಿ 29

ಶನಿವಾರದ ಬೀನ್ಸ್ ತಣ್ಣಗೆ ತಿಂದೆ. ಒಲೆ ಹೊತ್ತಿಸಿಲ್ಲ.

ಫೆಬ್ರವರಿ 6

ಇಪ್ಪತ್ತನೇ ತಾರೀಖು ಹೇಳಿಕೆ. ಸಾಕ್ಷಿಯನ್ನು ಸಿದ್ಧಮಾಡಬೇಕೆಂದು ವಕೀಲರು ಪ್ರಶ್ನೆಗಳನ್ನು ಬರೆದುಕೊಟ್ಟಿದ್ದಾರೆ. ಮುಖ್ಯ ಪ್ರಶ್ನೆ ಒಂದೇ: ಓದಿದಿರಾ, ಅರ್ಥವಾಯಿತೇ? ಇಲ್ಲ ಎಂದರೆ ಆ ಸಹಿಗೆ ಬೆಲೆಯಿಲ್ಲ, ಸಾಧನ ಸ್ಪ್ರಾಗನದು. ಹೌದು ಎಂದರೆ ನನ್ನದು.

ಊಟದ ಮೇಜಿನಲ್ಲಿ ಕೂರಿಸಿ ಕೇಳಿದೆ. ಸಾಕ್ಷಿ ಮೂರು ಸಲ “ಓದಿಲ್ಲ” ಎಂದಳು. ನಾಲ್ಕನೇ ಸಲ ನಾನು ಹೇಳಿದೆ: ಇದು ಹೋದರೆ ನಿನ್ನ ಮೂರು ಬೆರಳು ಹೋದದ್ದು ಯಾವನೋ ರೋಚೆಸ್ಟರಿನವನ ಪಾಲಿಗಾಯಿತು, ಇದು ಉಳಿದರೆ ಕೊನೆಗೆ ಮನೆಯ ಪಾಲಿಗಾದರೂ ಆಯಿತು. ಅವಳು ನನ್ನ ಮುಖ ನೋಡಿದಳು.

“ಓದ್ದೆ ಅಂತೀನಿ ಬಿಡಿ. ಅರ್ಥ ಆಯ್ತು ಅಂತೀನಿ. ನಿಮಗೆ ಅಷ್ಟೇ ತಾನೇ ಬೇಕಾಗಿರೋದು?”

ನಿಮಗೆ ಎಂದಳು. ನಲವತ್ತು ವರ್ಷದಲ್ಲಿ ಮೊದಲ ಸಲ ನನಗೆ ಮರ್ಯಾದೆ ಕೊಟ್ಟು ಮಾತಾಡಿದ್ದಾಳೆ. ವಿಷಯದ ತೂಕ ಈಗ ತಿಳಿದಿರಬೇಕು.

ಫೆಬ್ರವರಿ 20

ಟೆನ್‌ಬ್ರೂಕರ ಕಚೇರಿಯಲ್ಲಿ ಹತ್ತು ಗಂಟೆಗೆ. ಸ್ಪ್ರಾಗನ ಕಡೆಯ ವಕೀಲ ಬೋಳುತಲೆಯ ನಯವಂತ. ಬರೆದುಕೊಳ್ಳಲು ಒಬ್ಬ ಹುಡುಗಿ. ಪ್ರಮಾಣ ಮಾಡಿಸುವ ಅಧಿಕಾರಿ ಎಂದಿನ ಅಭ್ಯಾಸದಲ್ಲಿ “ಬಲಗೈ ಎತ್ತಿ” ಎಂದುಬಿಟ್ಟ. ಸಾಕ್ಷಿ ಕೈಗವಸು ಕಳಚಿ ಬಲಗೈಯನ್ನೇ ಎತ್ತಿದಳು. ಅವನು ಮುಂದಿನ ಮಾತು ಮರೆತ. ಬರೆಯುವ ಹುಡುಗಿ ಕಿಟಕಿಯ ಕಡೆಗೆ ತಿರುಗಿಕೊಂಡಳು. ನಮ್ಮ ಕಡೆಗೆ ಇದರಿಂದ ಒಳ್ಳೆಯದೇ ಆಯಿತು.

ಹಾಳೆ ತೋರಿಸಿದರು. ಸಹಿ ನನ್ನದೇ ಎಂದಳು. ಬೇರೊಂದು ಹಾಳೆಯಲ್ಲಿ ಎಡಗೈಯಿಂದ ಈಗಿನ ಸಹಿ ಮಾಡಿಸಿ ಪಕ್ಕಪಕ್ಕ ಇಟ್ಟರು. ಬೋಳುತಲೆಯವನು ಅದರ ಗೊಡವೆಗೇ ಹೋಗಲಿಲ್ಲ.

“ಓದಿ ಸಹಿ ಮಾಡಿದ್ರಾ ಅಮ್ಮ?”

“ಓದ್ದೆ.”

“ಅರ್ಥ ಆಗಿತ್ತಾ?”

“ಆಗಿತ್ತು.”

“ಅಂದ್ರೆ ಬೆರಳು ಸಿಕ್ಕಿಹಾಕ್ಕೊಳ್ಳದೇ ಇರೋ ಹಾಗೆ ಮಾಡೋ ಸಾಮಾನು ಮನೇಲಿದೆ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಸುಮಾರು ಐದು ತಿಂಗಳು ಅದಿಲ್ಲದ ಮೆಷಿನ್ ಮುಂದೆ ನಿಂತ್ರಾ?”

“ನಿಂತೆ.”

“ಯಾಕಮ್ಮ?”

ನನಗೆ ಇದನ್ನು ಹೇಳಿಕೊಡುವುದು ಮರೆತೇ ಹೋಗಿತ್ತು. ಅವಳು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, “ನಾನು ದಡ್ಡಿ” ಎಂದಳು. “ಅದೂ ಅಲ್ದೆ ಮಿಸ್ಟರ್ ವೆಡ್ಡರ್ ಅವರ ಸಾಮಾನು ಯಾರೂ ಮುಟ್ಟೋ ಹಾಗಿಲ್ಲ.”

“ಬೇರೆ ಯಾರಿಗಾದ್ರೂ ತೋರ್ಸಿದ್ರಾ ಅವರು?”

“ಇಲ್ಲ.”

“ಲಾಂಡ್ರಿಯೋರಿಗೆ? ಯಾವುದಾದ್ರೂ ಕಾರ್ಖಾನೆಯೋರಿಗೆ?”

“ಯಾರಿಗೂ ತೋರ್ಸಿಲ್ಲ. ನೀಲಿ ಬಟ್ಟೆ ಮುಚ್ಚಿ ಇಟ್ಟಿದ್ರು. ನನ್ನ ಕೈ ಹೋದ್ಮೇಲೂ ಐದು ತಿಂಗಳು ಹಾಗೇ ಇತ್ತು.”

ಬೋಳುತಲೆಯವನು ಇದನ್ನು ಎರಡು ಸಲ ಬರೆಸಿಕೊಂಡ. ಬರೆಸಿಕೊಳ್ಳಲಿ. ಗುಟ್ಟು ಕಾಪಾಡಿದ್ದು ಅಪರಾಧವೇ? ಟೆನ್‌ಬ್ರೂಕ್ ಮಾತ್ರ ಯಾಕೋ ಮೀಸೆ ಕಚ್ಚುತ್ತ ಕುಳಿತಿದ್ದರು. ಟ್ರಾಮಿನಲ್ಲಿ ಬರುವಾಗ ಸಾಕ್ಷಿಗೆ “ಚೆನ್ನಾಗಿ ಹೇಳಿದೆ” ಎಂದೆ. ಅವಳು ಕೈಗವಸು ಹಾಕಿಕೊಳ್ಳಲು ಒದ್ದಾಡುತ್ತಿದ್ದಳು. ಎದುರು ಕೂತಿದ್ದ ಅಪರಿಚಿತ ಹೆಂಗಸು ಬಗ್ಗಿ ಹಾಕಿಕೊಟ್ಟಳು.

ಮಾರ್ಚ್ 3, ಭಾನುವಾರ

ಹಡ್ಸನ್ ನದಿಯ ಐಸು ಒಡೆಯುವ ಸದ್ದು. ಅಕ್ಕ ಚರ್ಚಿಗೆ ಹೋಗಲಿಲ್ಲ, ಬಾಗಿಲು ಹಾಕಿಕೊಂಡು ಕುಳಿತಿದ್ದಾಳೆ. ಏನಾಗಿದೆಯೋ ತಿಳಿಯದು. ಗುಂಡಿ ಹಾಕುವ ಸಾಧನದ ಎರಡನೇ ನಮೂನೆ ಮುರಿಯಿತು.

ಜೂನ್ 17

ಲಾಂಡ್ರಿಯವರು ಸ್ಪ್ರಾಗನ ಕಡ್ಡಿಯನ್ನು ಎಲ್ಲ ಯಂತ್ರಗಳಿಗೂ ಹಾಕಿಸಿದ್ದಾರೆ. ಅಕ್ಕನ ಪಕ್ಕದ ಯಂತ್ರದಲ್ಲಿದ್ದ ಕ್ಯಾಸಿ ಎಂಬ ಹುಡುಗಿ ಸಂಜೆ ಓಡಿಬಂದಳು. ಅವಳ ತೋಳಿನ ಕಸೂತಿಯಂಚು ಒಳಗೆ ಎಳೆದುಕೊಂಡಿತಂತೆ, ಕೈ ಹಿಂದೆಯೇ ಹೋಯಿತಂತೆ, ಕಡ್ಡಿ ತಗುಲಿದ್ದೇ ರೋಲರ್ ಎದ್ದುಬಿಟ್ಟಿತಂತೆ.

“ಉಗುರೂ ಮುರೀಲಿಲ್ಲ ಆಂಟಿ! ನೋಡಿ!” ಎಂದು ಹತ್ತೂ ಬೆರಳು ಅಗಲಿಸಿ ತೋರಿಸಿದಳು. “ನಿಮ್ಮ ತಮ್ಮ ಮಾಡಿದ್ದಲ್ವಾ ಇದು? ಹುಡ್ಗೀರೆಲ್ಲ ಹೇಳ್ತಿದ್ರು.”

ಅಕ್ಕ ಆ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದು ಒಂದೊಂದೇ ಬೆರಳನ್ನು ಮುಟ್ಟಿದಳು. ಕಣ್ಣಲ್ಲಿ ನೀರು ಬಂದರೂ ಮುಖ ನಗುತ್ತಿತ್ತು. “ಅಲ್ಲಮ್ಮ. ರೋಚೆಸ್ಟರ್ನೋನು ಯಾರೋ ಪುಣ್ಯಾತ್ಮ ಮಾಡಿದ್ದು. ಮಾಡಿ, ಹೊರಗೆ ಕೊಟ್ಟ.”

ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ನನ್ನದನ್ನು ಕದ್ದವನು ಪುಣ್ಯಾತ್ಮ! ಬಾಗಿಲು ಜೋರಾಗಿ ಹಾಕಿಕೊಂಡೆ. ಆ ಹುಡುಗಿ ಹೋದ ಮೇಲೂ ಅಕ್ಕ ಬಂದು ಏನೆಂದು ಕೇಳಲಿಲ್ಲ.

ಸೆಪ್ಟೆಂಬರ್ 9

ತೀರ್ಪು ಬಂತು. ಸೋತೆ.

ಇಲ್ಲ, ಗೆದ್ದೂ ಸೋತೆ. ಮೊದಲು ಹೊಳೆದದ್ದು ವೆಡ್ಡರನಿಗೆ ಎಂದಿದ್ದಾರೆ. ಮೊದಲು ಮಾಡಿ ಮುಗಿಸಿದವನೂ ವೆಡ್ಡರ್. ಸಾಕ್ಷಿಯ ಸಹಿಯಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಆದರೆ ಹತ್ತು ತಿಂಗಳು ಅದನ್ನು ಬಟ್ಟೆ ಮುಚ್ಚಿಟ್ಟು, ಇನ್ನೊಬ್ಬನ ಸಾಧನ ಮಾರಾಟಕ್ಕೆ ಬಂದ ಮೇಲೆ ಎಚ್ಚೆತ್ತು ಅರ್ಜಿ ಹಾಕಿದವನಿಗೆ, ಜನರ ಕೈಗೆ ಅದನ್ನು ತಲುಪಿಸಿದವನ ಮುಂದೆ ಹಕ್ಕಿಲ್ಲವಂತೆ. ಪೇಟೆಂಟ್ ಸ್ಪ್ರಾಗನಿಗೆ. ಬಟ್ಟೆಯ ಬಣ್ಣವನ್ನು ಕೂಡ ಬರೆದಿದ್ದಾರೆ.

ಟೆನ್‌ಬ್ರೂಕ್ ಹೇಳಿದರು: “ಮಾರ್ಚ್‌ಗೆ ಮುಂಚೆ ಒಂದೇ ಒಂದು ಮೆಷಿನ್ಗೆ ಹಾಕಿ ಓಡಿಸಿದ್ರೆ, ನಿನ್ನನ್ನ ಅಲ್ಲಾಡಿಸೋಕೆ ಯಾರ ಕೈಲೂ ಆಗ್ತಿರ್ಲಿಲ್ಲ ವೆಡ್ಡರ್. ಒಂದೇ ಒಂದಕ್ಕೆ.”

ತೀರ್ಪನ್ನು ಮೇಜಿನ ಮೇಲೆ ಎಸೆದಿದ್ದೆ. ಅಕ್ಕ ಕನ್ನಡಕ ಹಾಕಿಕೊಂಡು ಹನ್ನೊಂದು ಪುಟವನ್ನೂ ಓದಿದಳು. ಅವಳು ಇಷ್ಟು ಓದುವುದನ್ನು ನಾನು ಕಂಡಿದ್ದೇ ಇಲ್ಲ. ಮುಗಿಸಿ, ಮಡಿಸಿ, ನನ್ನ ಮುಂದಿಟ್ಟಳು.

“ಒಂದೇ ಒಂದು ಮೆಷಿನ್ ಸಾಕಾಗ್ತಿತ್ತಂತೆ” ಎಂದಳು. “ನಂದೇ ಆಗ್ಬಹುದಿತ್ತು.”

ಎದೆಯಲ್ಲಿ ಏನೋ ಕೂತ ಹಾಗಿದೆ. ಕೋಸು ತಿಂದದ್ದು ಒಗ್ಗಲಿಲ್ಲವೋ ಏನೋ.

ಸೆಪ್ಟೆಂಬರ್ 15, ಭಾನುವಾರ

ಆರು ದಿನ ಪೆನ್ಸಿಲ್ ಮುಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಅಕ್ಕ ರೊಟ್ಟಿ ಕೊಯ್ಯುವಾಗ ಚಾಕು ಜಾರಿ ಎದೆಯ ಹತ್ತಿರ ಬಟ್ಟೆ ಹರಿಯಿತು. ಕೂಡಲೇ ಹೊಳೆಯಿತು: ಒಂದು ಹಲಗೆ, ಮೂರು ಮೊಳೆ, ಪಕ್ಕಕ್ಕೊಂದು ಅಡ್ಡಪಟ್ಟಿ. ರೊಟ್ಟಿಯನ್ನು ಮೊಳೆಗಳ ಮೇಲೆ ಒತ್ತಿ ನಿಲ್ಲಿಸಿದರೆ ಒಂದೇ ಕೈಯಲ್ಲಿ ಕೊಯ್ಯಬಹುದು. ಎದೆಗೆ ಒತ್ತಿಕೊಳ್ಳಬೇಕಾಗಿಲ್ಲ. ಮಧ್ಯಾಹ್ನದೊಳಗೆ ಮಾಡಿ ಮುಗಿಸಿದೆ. ಬಟ್ಟೆ ಮುಚ್ಚಲಿಲ್ಲ. ನೇರವಾಗಿ ತಂದು ಅಡಿಗೆ ಮೇಜಿನ ಮೇಲೆ ಅವಳೆದುರಿಗೇ ಇಟ್ಟೆ.

“ನಿನಗೋಸ್ಕರವೇ ಮಾಡಿದ್ದು” ಎಂದೆ. ಇದು ನಿಜ.

ಅವಳು ಹಲಗೆಯನ್ನು ನೋಡಿದಳು, ಮುಟ್ಟಲಿಲ್ಲ. ಚಿತ್ರದ ಹಾಳೆಯನ್ನೂ ಪೆನ್ನನ್ನೂ ಕೊಟ್ಟೆ. ಹಿಂದಿನಂತೆ “ಎಲ್ಲಿ ಗೀಚಬೇಕು” ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದಳು, ಮೊಳೆಗಳ ಅಳತೆಯನ್ನೂ ಬಿಡದೆ. ನಾನು ನಿಂತೇ ಇದ್ದೆ.

“ಓದಿದೀನಿ” ಎಂದಳು. “ಅರ್ಥ ಆಗಿದೆ.”

ಎಡಗೈಯಲ್ಲಿ ನಿಧಾನವಾಗಿ ಹೆಸರು ಬರೆದಳು. ತಾರೀಖನ್ನೂ ಬರೆದು, ಪೆನ್ನನ್ನು ಒರೆಸಿ ಕೊಟ್ಟಳು. ಆಮೇಲೆ ರೊಟ್ಟಿಯ ದಿಂಡನ್ನು ತೆಗೆದು ಎಂದಿನಂತೆ ಎದೆಗೆ ಒತ್ತಿಕೊಂಡು ಕೊಯ್ಯತೊಡಗಿದಳು.

ಕೋಣೆಗೆ ಬಂದು ನೋಡುತ್ತೇನೆ, ತಾರೀಖು 1911 ಮಾರ್ಚ್ 3 ಎಂದಿದೆ.

ವಾಪಸು ಹೋಗಿ ತೋರಿಸಿದೆ. ಇವತ್ತು ಹನ್ನೆರಡರ ಸೆಪ್ಟೆಂಬರ್ ಹದಿನೈದು, ತಿದ್ದು ಎಂದೆ.

“ತಿದ್ದಲ್ಲ” ಎಂದಳು. “ನೀವು ಊಟಕ್ಕೆ ಕೂತ್ಕೊಳ್ಳಿ.”

ಹಾಳೆ ಕೆಟ್ಟಿತು. ಈ ತಾರೀಖು ಇಟ್ಟುಕೊಂಡರೆ ಯಾವ ಕಚೇರಿಯೂ ಒಪ್ಪುವುದಿಲ್ಲ. ಮತ್ತೆ ಬರೆದು ಬೇರೆ ಸಾಕ್ಷಿ ಹುಡುಕಬೇಕು. ಹೀಲಿ ಸತ್ತ. ಯಾರನ್ನು ಕೇಳುವುದೋ ಹೊಳೆಯುತ್ತಿಲ್ಲ.